ಥ್ರ್ಯಾಶ್ ಮೆಟಲ್ ಮೇಲೆ ಕಾಕಾನ ಭಜನೆ

ಗೆಳೆಯರೇ, ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಹಾರ್ಡ್‌ಕೋರ್ ಪಂಕ್ ರಾಕ್ ಬಾರಿಸುತ್ತಿದ್ದ ತಂಡವೊಂದು ಥ್ರ್ಯಾಶ್ ಮೆಟಲ್ ಎಂಬ ಇನ್ನೂ ಅಬ್ಬರದ ಸಂಗೀತಕ್ಕೆ ಹೊರಳಿದ ಅಪರೂಪದ ಕ್ಯಾಸೆಟ್ ನನ್ನಲ್ಲಿತ್ತು. ವರ್ಷಗಟ್ಟಲೆ ಹುಡುಕಿ ತರಿಸಿದ್ದು. ಆ ಹೊರಳುವಿಕೆ ಇದ್ದದ್ದೇ ಎರಡನೇ ಬದಿಯಲ್ಲಿ. ಇವತ್ತು ಹಾಕಿದರೆ, ನಮ್ಮ ಕಾಕಾನ ಭಜನೆ! ಹಾಡಿನ ಮೇಲೆ ಬೇರೇನೂ ರೆಕಾರ್ಡ್ ಆಗಬಾರದೆಂದು ನಾನು ಮುರಿದಿದ್ದ ಕ್ಯಾಸೆಟ್ ಮೂಲೆಯ ಕಿಂಡಿಗೆ ನೀಟಾಗಿ ಪಟ್ಟಿ ಅಂಟಿಸಿದ್ದಾರೆ.

"ಇದರಾಗಿನ ಹಾಡು ಎಲ್ಲಿ ಕಾಕಾ?"

"ಹಾಡು ಎಲ್ಲಿತ್ತಲೇ? ಬರೇ ಗರಗರ ಅಂತಿತ್ತು. ಟೇಪ್ ಕೆಟ್ಟೈತಿ ಅಂದ್ಕೊಂಡೆ. ಖಾಲಿ ಕ್ಯಾಸೆಟ್ ಈಗ ಗದಗದಾಗ ಎಲ್ಲಿ ಸಿಗ್ತಾವ?"

ಇಡೀ ಓಣಿಗೆ ಕೇಳುವಂತೆ ಅರಚಿದೆ. ಕಾಕಾ ಎಲ್ಲ ಕೇಳಿಸಿಕೊಂಡು ರೆಕಾರ್ಡ್ ಗುಂಡಿಯ ಮೇಲೆ ಬೆರಳಿಟ್ಟರು.

"ನೀನೂ ಥೇಟ್ ಅವರಂಗ ಒದರಾಕತ್ತಿ ನೋಡು. ಟೇಪಿನ ಕಡೀಕ ಇನ್ನೂ ಜಾಗ ಐತಿ, ನಿಂದೂ ತುಂಬಲೇನು?"