ಬಿದಿರಿನ ಬಿಲ್ಲಿಗೆ ಕಾಯುವ ವ್ಯವಧಾನವಿಲ್ಲ

ಕಸ ಹೊಡೆದು, ಬಟ್ಟೆ ಒಗೆದು, ಮಜ್ಜಿಗೆ ಕಡೆದಿಟ್ಟು ಮಾನ್ವಿಯ ನಮ್ಮ ಅಕ್ಕಿ ಗಿರಣಿಯ ಅಂಗಳದಲ್ಲಿ ಬಿದಿರಿನ ಬಿಲ್ಲು ಹಿಡಿದು ನಿಂತೆ. ಹೊಟ್ಟಿನ ಚೀಲಗಳೇ ಗುರಿ. ಅಂದೂ ತಪ್ಪಿದರೆ ರಾಟೆಗಳಿರುವ ಹಳೆಯ ಕಾಂಪೌಂಡ್ ಬಿಲ್ಲಿಗೇ ಮರಳುವುದೆಂದು ತೀರ್ಮಾನಿಸಿದ್ದೆ. ಅದನ್ನು ಪೂರ್ತಿ ಎಳೆದರೆ ಭಾರ ಇಳಿಯುತ್ತದೆ, ನಿಧಾನವಾಗಿ ಗುರಿ ನೋಡಬಹುದು. ಬಿದಿರಿನ ಬಿಲ್ಲನ್ನೂ ಹಾಗೆಯೇ ಎಳೆದು ಹಿಡಿದೆ. ಇದರ ಭಾರ ಇಳಿಯಲೇ ಇಲ್ಲ, ಹಿಡಿದಷ್ಟೂ ತೋಳು ಸೋತು ಬಾಣ ಚೀಲಗಳಾಚೆ ಬಿತ್ತು.

ಅಕ್ಕಿ ಹಸನು ಮಾಡುತ್ತಿದ್ದ ತಂಗಿ ನಕ್ಕಳು: "ಫೋಟೋ ತಗಸಾಕ ನಿಂತೀಯೇನಬೇ ಅಕ್ಕಾ? ಎಳದಿ ಅಂದ್ರ ಬಿಟ್ಟಬಿಡು!"

ಸಿಟ್ಟಿನಲ್ಲಿ ಎಳೆದೆ, ಬೆರಳು ದವಡೆಗೆ ತಾಗಿದ್ದೇ ಬಿಟ್ಟೆ. ಬಾಣ ಚೀಲದ ನಟ್ಟನಡುವೆ ನೆಟ್ಟಿತು.

ಕಾಂಪೌಂಡ್ ಬಿಲ್ಲು ಈಗ ಅಟ್ಟದ ಮೇಲಿದೆ. ಆ ರಾತ್ರಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಭುಜ ನೋಯುತ್ತಿದ್ದರೂ ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ.