ಗೋಲ್ಕೊಂಡದ ಚಪ್ಪಾಳೆ

ನನ್ನ ದಣಿವಿನ ಬಗ್ಗೆ ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದು ದುಡಿಮೆಯಿಂದ ಬಂದದ್ದಲ್ಲ, ದುಡಿಯಬೇಕಲ್ಲ ಎಂಬ ಯೋಚನೆಯಿಂದ ಬಂದದ್ದು. ಊರ ಹೊರಗಿನ ಬಾವಿಗೆ ಸ್ನಾನಕ್ಕೆ ಹೋಗಬೇಕೆಂದರೂ ನಾನು ಹೊಸ್ತಿಲ ಮೇಲೆ ಕೂತು ದಾರಿಯ ಬಿಸಿಲನ್ನು, ಮರಳಿ ಬರುವಾಗ ಅಡ್ಡಗಟ್ಟುವ ಮಾತುಗಾರರನ್ನು ನೆನೆದು, ಹೊರಡುವ ಮೊದಲೇ ಸುಸ್ತಾಗಿ, ಮನೆಯ ಬಚ್ಚಲಲ್ಲೇ ಎರಡು ತಂಬಿಗೆ ಸುರಿದುಕೊಳ್ಳುವವನು. ಇಂಥವನು ಹೈದರಾಬಾದು ನೋಡಲು ಹೋಗಿದ್ದೆ ಎಂದರೆ ಆಳಂದದಲ್ಲಿ ಕೆಲವರು ಇಂದಿಗೂ ನಂಬುವುದಿಲ್ಲ. ಅವರ ಅನುಮಾನದಲ್ಲಿ ಅರ್ಧ ಸತ್ಯವಿದೆ.

ಆಳಂದದ ಶಾಲೆಯಲ್ಲಿ ನಾನು ಭೂಗೋಳದ ಮಾಸ್ತರ. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಉರ್ದುವಿನಲ್ಲಿ ಪಾಠ ಹೇಳಿ, ಸಂಜೆ ಮತ್ತೆ ಕನ್ನಡಕ್ಕೆ ಮರಳುವ ಹೊತ್ತಿಗೆ ನಾಲಿಗೆಗೂ ಒಂದು ದಿನದ ಪ್ರಯಾಣವಾಗಿರುತ್ತಿತ್ತು. ಬೇರೆ ಪ್ರಯಾಣ ನಾನು ಮಾಡಿದವನಲ್ಲ. ಆದರೂ ವರ್ಷವರ್ಷವೂ ಗೋಡೆಯ ನಕಾಶೆಯ ಮೇಲೆ ಬೆತ್ತವಿಟ್ಟು "ಇದು ಹೈದರಾಬಾದು, ನಮ್ಮ ಸಂಸ್ಥಾನದ ರಾಜಧಾನಿ" ಎಂದು ತೋರಿಸುತ್ತಿದ್ದೆ. ಬೆತ್ತದ ತುದಿ ತಗಲಿ ತಗಲಿ ರಾಜಧಾನಿ ಇದ್ದ ಜಾಗದಲ್ಲಿ ಒಂದು ತೂತು ಬಿದ್ದಿತ್ತು. ಆ ತೂತಿನ ಪಕ್ಕದಲ್ಲೇ ಗೋಲ್ಕೊಂಡದ ಕೋಟೆ ಇದೆ, ಅದರ ಬಾಗಿಲ ಗುಮ್ಮಟದ ಕೆಳಗೆ ಚಪ್ಪಾಳೆ ಹೊಡೆದರೆ ಗುಡ್ಡದ ತುದಿಯಲ್ಲಿ ನಿಂತವನಿಗೆ ಕೇಳಿಸುತ್ತದೆ ಎಂದು ಹುಡುಗರಿಗೆ ಕಣ್ಣಾರೆ ಕಂಡವನಂತೆ ವರ್ಣಿಸುತ್ತಿದ್ದೆ.

ಒಂದು ದಿನ ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಇದನ್ನೇ ಹೆಂಡತಿ ನೀಲಮ್ಮನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಕೆಳಗ ಹೊಡದದ್ದು ಗುಡ್ಡದ ಮ್ಯಾಲ ಕೇಳಸ್ತದ?"

"ಕೇಳಸ್ತದ."

"ನಾ ಅಡಗಿಮನ್ಯಾಗ ನಿಂತು ಮೂರು ಸಲ ಕರದ್ರ ಪಡಸಾಲ್ಯಾಗ ಕುಂತ ನಿಮಗ ಕೇಳಸಂಗಿಲ್ಲ. ನಡೀರಿ, ಅದನ್ನ ನೋಡೇ ಬಿಡೋಣು. ನಾ ಕೆಳಗ ಮೂರು ಸಲ ಹೊಡೀತೇನಿ, ನೀವು ಮ್ಯಾಲ ನಿಂತು ಕೇಳ್ರಿ."

ನಗುತ್ತಲೇ ಹೇಳಿದಳು. ಆದರೆ ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ಇಂಥದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವಳಿಗೆ ಕೋಟೆ ಬೇಕಿರಲಿಲ್ಲ. ತಾನು ಮಾಡಿದ ಸಪ್ಪಳ ಒಮ್ಮೆಯಾದರೂ ನನ್ನ ಕಿವಿಯ ತನಕ ಬಂದು ಮುಟ್ಟಬೇಕಿತ್ತು. ಅಷ್ಟು ನನಗೆ ತಿಳಿಯಿತು. ತಿಳಿದವನು ಕೂಡಲೇ ಎದ್ದು ಹೊರಡಬೇಕಲ್ಲವೇ? ನಾನು ಕಾಗದ ತೆಗೆದುಕೊಂಡು ಯೋಜನೆ ಬರೆಯಲು ಕೂತೆ. ಯೋಜನೆ ಎರಡು ವರ್ಷ ಹಿಡಿಯಿತು.

ನಮ್ಮ ಕಡೆಯವರು ಊರು ಬಿಡುವುದು ಮೂರೇ ಕಾರಣಕ್ಕೆ. ಮದುವೆ, ಮಠ, ಮೊಕದ್ದಮೆ. ಜಿಡಗಾದ ಮಠಕ್ಕೆ ಹೋದೆನೆಂದರೆ ಯಾರೂ ಯಾಕೆಂದು ಕೇಳುವುದಿಲ್ಲ, ಕಲಬುರ್ಗಿಗೆ ಹೋದೆನೆಂದರೆ "ಕೋರ್ಟಿನ ತಾರೀಖು ಯಾವಾಗ ಅದ?" ಎನ್ನುತ್ತಾರೆ. ಬರಿದೇ ನೋಡಿ ಬರಲು ಹೋಗುವುದೆಂದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ನೆರೆಮನೆಯ ಬಸಣ್ಣ ಮುದುಕ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, "ಖರೇ ಹೇಳ್ರಿ ಮಾಸ್ತರ, ನೌಕರಿಗಿ ಏನರ ಧಕ್ಕಾ ಬಂದದ ಏನು?" ಎಂದು ಮೆಲ್ಲಗೆ ಕೇಳಿದ. ಇಲ್ಲವೆಂದರೆ ಇನ್ನಷ್ಟು ಮರುಗಿದ. ಅದಕ್ಕೆ ಉತ್ತರ ಕೊಡುತ್ತ ಕೊಡುತ್ತ ನಾನು ಅರ್ಧ ದಾರಿ ನಡೆದಷ್ಟು ದಣಿದೆ.

ಇನ್ನು ಖರ್ಚು. ಮಾಸ್ತರನ ಪಗಾರದಲ್ಲಿ ಪಟ್ಟಣ ನೋಡಬೇಕಾದರೆ ಇಳಿದುಕೊಳ್ಳಲು ಪುಕ್ಕಟೆ ಮನೆ ಬೇಕು. ನೀಲಮ್ಮನ ಅಕ್ಕನ ಗಂಡನ ಸೋದರತ್ತೆಯ ಮಗ ಶಿವಶರಣಪ್ಪ ಎಂಬಾತ ಹೈದರಾಬಾದಿನಲ್ಲಿ ಗುಮಾಸ್ತನಾಗಿದ್ದ. ಇಷ್ಟು ಉದ್ದದ ನೆಂಟಸ್ತನ ಹಿಡಿದು ಹೋದವನು ಬರಿಗೈಲಿ ಹೋದರೆ ನಡುವೆ ಎಲ್ಲಾದರೂ ಹರಿದೀತು ಎಂದು ಒಂದು ಚೀಲ ತೊಗರಿಬೇಳೆ, ಒಂದು ಚೀಲ ಬಿಳಿ ಜೋಳ ಕಟ್ಟಿದೆವು. ನಮ್ಮ ದಾರಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ. ಅಷ್ಟನ್ನೂ ಮೋಟಾರಿಗೆ ಹಾಕಿ, ಕಲಬುರ್ಗಿಯಲ್ಲಿ ಇಳಿಸಿ, ರೈಲಿಗೇರಿಸಿ, ವಾಡಿಯಲ್ಲಿ ಗಾಡಿ ಬದಲಿಸುವಾಗ ಮತ್ತೆ ಹೊತ್ತು ಮುಟ್ಟಿಸುವಷ್ಟರಲ್ಲಿ ಪುಕ್ಕಟೆ ವಸತಿಗಿಂತ ಧರ್ಮಶಾಲೆಯೇ ಸಸ್ತಾ ಆಗುತ್ತಿತ್ತೆಂದು ಹೊಳೆಯಿತು. ಅಗ್ಗದ ಆಸೆಗೆ ಮುಗ್ಗಿದ ಜೋಳ ಎನ್ನುತ್ತಾರೆ. ನಾನು ಒಳ್ಳೆಯ ಜೋಳ ಹೊತ್ತೇ ಮುಗ್ಗಿದೆ.

ಹೊರಡುವ ಸುದ್ದಿ ಹರಡಿದ ಮೇಲೆ ಇನ್ನೊಂದು ಹೊರೆ ಬಂತು. ಹೈದರಾಬಾದಿಗೆ ಹೋದವರು ಬಳೆ ತರದೆ ಬಂದರೆ ಓಣಿಯಲ್ಲಿ ಮುಖ ತೋರಿಸುವಂತಿಲ್ಲ. ಹನ್ನೊಂದು ಮನೆಯ ಹೆಣ್ಣುಮಕ್ಕಳು ತಮ್ಮ ತಮ್ಮ ಕೈಯಳತೆಗೆ ದಾರ ಸುತ್ತಿ ಗಂಟು ಹಾಕಿ ತಂದುಕೊಟ್ಟರು. ಕೆಂಪು ದಾರ ಯಾರದು, ಎರಡು ಗಂಟಿನದು ಯಾರದು, ಎಲ್ಲ ನೀಲಮ್ಮನಿಗೆ ಬಾಯಿಪಾಠ. ದಾರಗಳನ್ನು ಅಡಕೆಯ ಚಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದಾರಕ್ಕೇನು ಭಾರ ಎಂದುಕೊಂಡೆ ನಾನು.

ಶಿವಶರಣಪ್ಪ ಒಳ್ಳೆಯವನೇ. ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, "ಬರ್ರಿ ಬರ್ರಿ, ಮಾಸ್ತರ ಅಂದ್ರ ಅಕ್ಷರ ಚಂದ ಇರಬೇಕಲ್ರಿ?" ಎಂದ. ಅಕ್ಷರ ಚಂದವೇ ಇತ್ತು. ನನಗಿರುವ ಒಂದೇ ಹೆಮ್ಮೆ ಅದು, ಒಪ್ಪಿಕೊಂಡೆ. ಮರುದಿನ ಬೆಳಗ್ಗೆ ಅವನ ಬಡ್ತಿಯ ಅರ್ಜಿ ಬರೆದುಕೊಟ್ಟೆ. ಮಧ್ಯಾಹ್ನ ಅವನ ಪಕ್ಕದ ಮನೆಯವನು ತಮ್ಮನ ಬದಲಿಯ ಅರ್ಜಿ ತಂದ. ಅದನ್ನು ನೋಡಿ ಎದುರು ಮನೆಯ ಮುದುಕಿ ತನ್ನ ಗಂಡನ ಪಿಂಚಣಿಯ ಅರ್ಜಿ ತಂದಳು. ಪುಕ್ಕಟೆ ಉಂಡವನು ಒಲ್ಲೆ ಎನ್ನುವುದು ಹೇಗೆ? ಮೂರು ದಿನ ನಾನು ಹೈದರಾಬಾದಿನ ಒಂದು ಕಿಟಕಿಯ ಬಳಿ ಕೂತು ಹೈದರಾಬಾದಿನವರ ದುಃಖಗಳನ್ನೆಲ್ಲ ಸುಂದರವಾದ ಉರ್ದುವಿನಲ್ಲಿ ಬರೆದೆ. ಕಿಟಕಿಯಿಂದ ಒಂದು ಬೇವಿನ ಗಿಡ, ಅದರ ಹಿಂದೆ ಒಂದು ಗೋಡೆ ಕಾಣುತ್ತಿದ್ದವು. ಅಂಥ ಗಿಡ, ಅಂಥ ಗೋಡೆ ಆಳಂದದಲ್ಲೂ ಇವೆ.

ನೀಲಮ್ಮ ಮೂರನೆಯ ದಿನ ಸಂಜೆ ಚಹಾ ತಂದಿಟ್ಟು, "ನಾಳೀಗಿ ಸಂಜೀಕ ಗಾಡಿ ಅದ" ಎಂದಳು, ಅಷ್ಟೇ. ನನಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಬೆನ್ನೂ ನೋಯುತ್ತಿತ್ತು.

ಕಡೆಯ ದಿನ ಬೆಳಗ್ಗೆ ಟಾಂಗಾ ಹಿಡಿದೆವು. ಮೊದಲು ಚಾರಮಿನಾರಿನ ಬದಿಯ ಬಳೆ ಬಜಾರು. ನೀಲಮ್ಮ ಒಂದೊಂದೇ ದಾರ ತೆಗೆದು, ಅಳತೆ ಹಿಡಿದು, ಬಣ್ಣ ಆರಿಸಿ, ಒಡೆದದ್ದನ್ನು ಬೇರೆ ಮಾಡಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಅಂಗಡಿಯವನು ಬಳೆಗಳನ್ನು ಹುಲ್ಲಿನಲ್ಲಿ ಸುತ್ತಿ ಎರಡು ಗಂಟು ಕಟ್ಟಿಕೊಟ್ಟ. ಅಲ್ಲಿಂದ ಗೋಲ್ಕೊಂಡದ ತನಕ ಟಾಂಗಾ ಕುಣಿದ ಕುಣಿತಕ್ಕೆ ಆ ಎರಡು ಗಂಟನ್ನು ಅವಳು ತೊಡೆಯ ಮೇಲೆ ಹಿಡಿದು ಕೂತಿದ್ದಳು. ಕೋಟೆಯ ಬಾಗಿಲಲ್ಲಿ ನಮ್ಮನ್ನು ಇಳಿಸಿ ಟಾಂಗಾದವನು ಕುದುರೆಗೆ ನೀರು ಕುಡಿಸಲು ಹೋದ.

ಗುಮ್ಮಟದ ಕೆಳಗೆ ಬಂದು ನಿಂತಾಗ ಅವಳ ಮುಖ ನೋಡಬೇಕಿತ್ತು. "ಇಲ್ಲೇ ಏನ್ರಿ?" ಎಂದಳು. ಇಲ್ಲೇ ಎಂದೆ. "ಹೋಗ್ರಿ, ಹೋಗ್ರಿ. ತುದೀಗಿ ಹೋಗಿ ನಿಂದರ್ರಿ. ನಾ ನೂರು ಎಣಿಸಿ, ಮತ್ತ ನೂರು ಎಣಿಸಿ, ಆಮ್ಯಾಲ ಹೊಡೀತೇನಿ" ಎಂದು ಮದುವಣಗಿತ್ತಿಯ ಹುರುಪಿನಿಂದ ನನ್ನನ್ನು ಅಟ್ಟಿದಳು.

ಮೆಟ್ಟಿಲುಗಳು ಮುನ್ನೂರಕ್ಕೂ ಹೆಚ್ಚು ಎಂದು ನಾನೇ ಪಾಠ ಹೇಳಿದ್ದೆ. ಹೇಳುವಾಗ ಅಷ್ಟು ಎತ್ತರ ಇರಲಿಲ್ಲ. ನೂರು ಹತ್ತಿದೆ. ಮಂಡಿ ಒಲ್ಲೆ ಎಂದಿತು. ಇನ್ನೂ ಐವತ್ತು ಹತ್ತಿದೆ. ಒಂದು ಮುರಿದ ಕಮಾನಿನ ನೆರಳು ಕಂಡಿತು, ತಣ್ಣನೆಯ ಗಾಳಿ ಬಂತು. ಉಳಿದ ಮೆಟ್ಟಿಲು, ಅದರ ಬಿಸಿಲು, ಮತ್ತೆ ಇಳಿಯುವುದು, ಮತ್ತೆ ಟಾಂಗಾ, ಮತ್ತೆ ವಾಡಿ, ಎಲ್ಲವನ್ನೂ ನೆನೆದೆ. ನೆನೆದವನು ಕೂತೆ. ಕೂತವನ ಕಣ್ಣು ಹತ್ತಿತು. ಎಚ್ಚರವಾದಾಗ ನೆರಳು ನನ್ನನ್ನು ಬಿಟ್ಟು ಅತ್ತ ಸರಿದಿತ್ತು.

ಕೆಳಗಿಳಿದಾಗ ಅವಳು ನಿಂತಲ್ಲೇ ನಿಂತಿದ್ದಳು.

"ಕೇಳಸ್ತೇನ್ರಿ?"

"ಕೇಳಸ್ತು. ಕಿವಿ ಹತ್ತರನೇ ಹೊಡದಂಗ ಕೇಳಸ್ತು."

"ಎಷ್ಟು ಸಲ?"

"ಮೂರು ಸಲ."

ಅವಳು ನನ್ನನ್ನೊಮ್ಮೆ ನೋಡಿ ಟಾಂಗಾ ಹತ್ತಿದಳು. ಕೋಟೆಯ ಗೋಡೆ ಹಿಂದೆ ಬಿದ್ದ ಮೇಲೆ ತೊಡೆಯ ಮೇಲಿನ ಗಂಟುಗಳನ್ನು ನೋಡುತ್ತ ಹೇಳಿದಳು.

"ನಾ ಹೊಡದೇ ಇಲ್ರಿ. ಎರಡೂ ಕೈಯಾಗ ಮಂದೀ ಬಳೀ ಗಂಟು ಇದ್ದವು."

"ಕೆಳಗ ಇಡಬೇಕಿತ್ತಲ್ಲ?" ಎಂದೆ, ತಪ್ಪು ಅವಳದೇ ಎಂಬಂತೆ.

"ಮಂದಿ ಓಡಾಡೋ ಜಾಗಾ. ಯಾರರ ತುಳದ್ರ ಹನ್ನೊಂದು ಮನೀಗಿ ಏನು ಹೇಳ್ಲಿ? ಯಾರಿಗರ ಹಿಡಕೋ ಅನ್ನಬೇಕಂತ ಸುತ್ತ ನೋಡ್ದೆ. ಹಿಡಕೊಳ್ಳೋ ಕೈ ಮ್ಯಾಲ ಹೋಗಿದ್ದವು."

ಎರಡು ವರ್ಷ ಬರೆದ ನನ್ನ ಯೋಜನೆಯಲ್ಲಿ ಬೇಳೆಯ ಚೀಲವಿತ್ತು, ವಾಡಿಯ ಗಾಡಿಯಿತ್ತು, ರಜೆಯ ಅರ್ಜಿಯ ನಕಲೂ ಇತ್ತು. ಚಪ್ಪಾಳೆ ಹೊಡೆಯುವವಳ ಎರಡು ಕೈ ಖಾಲಿ ಇರಬೇಕು ಎಂಬುದೊಂದನ್ನು ನಾನು ಎಲ್ಲೂ ಬರೆದಿರಲಿಲ್ಲ. ಆ ಹೊತ್ತಿನಲ್ಲಿ ನನಗಾದಷ್ಟು ಸಂಕಟ ಮತ್ತೆಂದೂ ಆಗಿಲ್ಲ. ಟಾಂಗಾ ತಿರುಗಿಸು ಎಂದೆ.

"ಬ್ಯಾಡ ಬಿಡ್ರಿ, ಗಾಡಿ ತಪ್ತದ" ಎಂದಳು ನೀಲಮ್ಮ. ಗಂಟುಗಳನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ತುದೀ ತನಕರ ಹೋಗಿದ್ರೇನು?" ಎಂದು ಕೇಳಿದಳು.

"ಅರ್ಧಕ್ಕ ಕುಂತಿದ್ದೆ. ನಿದ್ದಿ ಹತ್ತಿತು."

ಬೈಯುತ್ತಾಳೆಂದು ಕಾದೆ. ಅವಳು ನಕ್ಕಳು. ತೊಡೆಯ ಮೇಲಿನ ಬಳೆಗಳು ಸಪ್ಪಳ ಮಾಡುವಷ್ಟು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ನಗೆಯ ನೀರೇ ಎಂದು ನಾನು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಆಳಂದಕ್ಕೆ ಬಂದಾಗ ಒಂದು ಬಳೆಯೂ ಒಡೆದಿರಲಿಲ್ಲ. ಓಣಿಯ ಹೆಣ್ಣುಮಕ್ಕಳು ತೊಟ್ಟು ನೋಡುತ್ತ, "ಚಪ್ಪಾಳಿ ಖರೇನೇ ಕೇಳಸ್ತದೇನಬೇ?" ಎಂದು ನೀಲಮ್ಮನನ್ನು ಕೇಳಿದರು. ಅವಳು ಪಡಸಾಲೆಯಲ್ಲಿ ಕೂತ ನನ್ನ ಕಡೆ ನೋಡಿ, "ನಮ್ಮೋರಿಗಿ ಕೇಳಸ್ತಂತ, ಮೂರು ಸಲ" ಎಂದಳು. ಶಾಲೆಯಲ್ಲಿ ಹುಡುಗರೂ ಅದನ್ನೇ ಕೇಳಿದರು. ನಾನು ನಕಾಶೆಯ ತೂತಿನ ಕಡೆ ತಿರುಗಿ ನದಿಗಳ ಪಾಠ ಸುರು ಮಾಡಿದೆ.

ಇದೆಲ್ಲ ದೊಡ್ಡ ಯುದ್ಧ ಸುರುವಾಗುವ ಮೊದಲಿನ ಮಾತು. ಆಮೇಲೆ ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಾಯಿತು, ನನ್ನ ಮಂಡಿಯೂ ಪೂರಾ ಕೈಬಿಟ್ಟಿತು. ಇನ್ನೊಮ್ಮೆ ಹೋಗಿ ಬರೋಣ ಎಂದು ನಾನು ಆಗೀಗ ಅನ್ನುತ್ತೇನೆ, ಅವಳು ಹೂಂ ಎನ್ನುತ್ತಾಳೆ, ಇಬ್ಬರೂ ಕಾಗದ ತೆಗೆಯುವುದಿಲ್ಲ.

ಒಂದು ಮಾತ್ರ ಬದಲಾಗಿದೆ. ಅಡಿಗೆಮನೆಯಿಂದ ಅವಳು ಕರೆದಾಗ ಕೂತಲ್ಲಿಂದಲೇ "ಕೇಳಸ್ತು" ಎನ್ನುವ ಧೈರ್ಯ ನನಗೀಗ ಇಲ್ಲ. ಹಾಗೆ ಅಂದೆನೋ, "ಏನಂದೆ ಹೇಳ್ರಿ ನೋಡೋಣು?" ಎಂಬ ಸವಾಲು ಬರುತ್ತದೆ. ಆದ್ದರಿಂದ ಹೊದ್ದದ್ದನ್ನು ಸರಿಸಿ, ಮಂಡಿ ಹಿಡಿದುಕೊಂಡು ಏಳುತ್ತೇನೆ. ಪಡಸಾಲೆಯಿಂದ ಒಲೆಯ ತನಕ ಹತ್ತೇ ಹೆಜ್ಜೆ, ಮೆಟ್ಟಿಲೂ ಇಲ್ಲ. ಹೋಗಿ, ಮೊದಲು ಅವಳ ಕೈಯಲ್ಲಿದ್ದದ್ದನ್ನು ಇಸಿದುಕೊಂಡು, ಆಮೇಲೆ "ಈಗ ಹೇಳು" ಎನ್ನುತ್ತೇನೆ.