ಅಮೃತಶಿಲೆಯ ಕೂಸಿನ ತುಟಿ

ನಮ್ಮ ಕಡೆ ಬಸುರಿಯ ಗಂಡನಿಗೂ ಕಟ್ಟುಪಾಡುಗಳಿವೆ. ಅವನು ಕಾಯಿ ಒಡೆಯಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಹಾವು ಹೊಡೆಯಬಾರದು. ನಮ್ಮಂಥ ಕಲ್ಲಿನ ಕೆಲಸದವರ ಮನೆಗಳಲ್ಲಿ ಇನ್ನೊಂದು ಸೇರುತ್ತದೆ. ಕಣ್ಣು ಮೂಗು ಇರುವ ಯಾವ ಕಲ್ಲಿಗೂ ಉಳಿ ಹಚ್ಚಬಾರದು. ಹಚ್ಚಿದರೆ ಕಲ್ಲಿಗೆ ಎಲ್ಲಿ ಪೆಟ್ಟು ಬಿತ್ತೋ ಹುಟ್ಟುವ ಕೂಸಿಗೂ ಅಲ್ಲೇ ಊನ. ನನ್ನ ಹೆಂಡತಿ ಬಸುರಿ ಎಂದು ಗೊತ್ತಾದ ದಿನವೇ ಅವ್ವ ನನ್ನನ್ನು ಎದುರಿಗೆ ಕೂರಿಸಿಕೊಂಡು ಇದನ್ನೆಲ್ಲ ಒಂದೂ ಬಿಡದೆ ಹೇಳಿದಳು. ನಾನು ನಕ್ಕೆ. ಶಹಾಬಾದಿನಲ್ಲಿ ಹಾಸುಗಲ್ಲಿಗೆ ಪಾಲಿಶ್ ಹೊಡೆಯುವವನಿಗೆ ಕಣ್ಣು ಮೂಗಿನ ಕಲ್ಲು ಎಲ್ಲಿಂದ ಬರಬೇಕು?

"ನಗಬ್ಯಾಡ," ಅಂದಳು ಅವ್ವ. "ನಿಮ್ಮ ಕಾಕಾನೂ ಹಿಂಗೇ ನಕ್ಕಿದ್ದ."

ಕಾಕಾ ಒಮ್ಮೆ ಗುಡಿಯ ಬಸವಣ್ಣನ ಕಿವಿ ತಿದ್ದಲು ಹೋಗಿದ್ದನಂತೆ. ಆಮೇಲೆ ಹುಟ್ಟಿದ ಮಗನಿಗೆ ಒಂದು ಕಿವಿ ಮುದುಡಿಕೊಂಡಿತ್ತು. ಆ ಮಗ ಈಗ ಟೆಂಪೊ ಓಡಿಸುತ್ತಾನೆ, ನಾವು ಅವನ ಬೆನ್ನ ಹಿಂದೆ ಆಡಿದ್ದೆಲ್ಲ ಅವನಿಗೆ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಪಿಯುಸಿ ಓದಿದವನು, ಪುಸ್ತಕ ಗಿಸ್ತಕ ತಿರುವಿ ಹಾಕುವವನು, ಇಂಥವನ್ನೆಲ್ಲ ನಂಬುವುದಿಲ್ಲ ಎಂದು ನಾಲ್ಕು ಜನರ ಮುಂದೆ ಎದೆ ಉಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದವನು.

ನಾಲ್ಕು ತಿಂಗಳು ತುಂಬಿ ಐದಕ್ಕೆ ಬೀಳುವಾಗ ವಾಡಿಯ ಒಂದು ಹಳೆಯ ಚರ್ಚಿನಿಂದ ಕರೆ ಬಂತು. ನೆಲಕ್ಕೆ ಪಾಲಿಶ್ ಮಾಡಬೇಕಿತ್ತು. ಹೊಸ ಕೆಲಸ ಹಿಡಿದಾಗ ಮಷಿನ್ ಮುಂದೆ ಕಾಯಿ ಒಡೆಯುವುದು ನಮ್ಮ ಪದ್ಧತಿ. ಅವ್ವನ ಬಾಯಿಗೆ ಅಂಜಿ ಆಗೆಲ್ಲ ಮನೆ ಯಜಮಾನರ ಕೈಯಿಂದಲೇ ಒಡೆಸುತ್ತಿದ್ದೆ. ಚರ್ಚಿನಲ್ಲಿ ಕಾಯಿಯ ಗೊಡವೆಯೇ ಇಲ್ಲ. ಅಲ್ಲಿಯ ಬೀಗದ ಕೈ ಇಟ್ಟುಕೊಂಡಿದ್ದ, ಎಲ್ಲರೂ ಅಮ್ಮ ಎನ್ನುತ್ತಿದ್ದ ಹಿರಿಯರು ಕಣ್ಣು ಮುಚ್ಚಿ ಎರಡು ಮಾತು ಪ್ರಾರ್ಥನೆ ಮಾಡಿದರು, "ಇನ್ನ ಚಾಲೂ ಮಾಡಪಾ," ಅಂದರು. ಎಪ್ಪತ್ತು ದಾಟಿದ್ದ ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರ ಹೆಂಡತಿ. ಗಂಡ ತೀರಿಕೊಂಡ ಮೇಲೆ ಚರ್ಚಿನ ಕಸ, ದೀಪ, ಬೀಗ ಎಲ್ಲ ಅವರದೇ.

ಅಲ್ಲಿ ಬಲಗಡೆಯ ಗೋಡೆಯಲ್ಲಿತ್ತು ಆ ಕಲ್ಲು. ಅರ್ಧ ಬಾಗಿಲಿನಷ್ಟು ದೊಡ್ಡ ಅಮೃತಶಿಲೆಯ ಹಲಗೆ, ಅದರಿಂದ ಎರಡು ಬೆರಳಿನಷ್ಟು ಎದ್ದು ಬಂದ ಉಬ್ಬುಶಿಲ್ಪ. ಕುಳಿತ ತಾಯಿ, ತೊಡೆಯ ಮೇಲೆ ಕೂಸು, ಎರಡೂ ಬದಿಗೆ ಕೈಮುಗಿದ ರೆಕ್ಕೆಯ ಮಕ್ಕಳು. ಹತ್ತೊಂಬತ್ತನೆಯ ಶತಮಾನದಲ್ಲಿ, ಇಲ್ಲಿ ರೈಲು ಹಳಿ ಬಿದ್ದ ಹೊಸದರಲ್ಲಿ, ಯಾರೋ ಬಿಳಿಯ ಅಧಿಕಾರಿ ತೀರಿಹೋದ ಹೆಂಡತಿಯ ನೆನಪಿಗೆ ಇಟಲಿಯಲ್ಲಿ ಮಾಡಿಸಿ ಹಡಗಿನಲ್ಲಿ ತರಿಸಿದ್ದಂತೆ. ತಾಯಿಗೆ ಒಂದೂ ಒಡವೆಯಿಲ್ಲ, ಕಿರೀಟವಿಲ್ಲ. ಮೂಗು ಹಣೆಯಿಂದ ನೇರವಾಗಿ, ಎಲ್ಲೂ ತಗ್ಗದೆ ಇಳಿದಿತ್ತು. ಸೀರೆಯಂಥ ಬಟ್ಟೆಯ ನಿರಿಗೆಗಳು ಎಷ್ಟು ತೆಳ್ಳಗಿದ್ದವೆಂದರೆ ಕಲ್ಲಿನವನಾದ ನನಗೆ ಹೊಟ್ಟೆಕಿಚ್ಚಾಯಿತು. ಶಹಾಬಾದಿನ ಕಲ್ಲು ಪದರು ಪದರಾಗಿ ಏಳುತ್ತದೆ, ಅದರಲ್ಲಿ ಇಂಥದ್ದು ಏಳು ಜನ್ಮಕ್ಕೂ ಆಗದು. ಆದರೆ ಆ ಮೂರ್ತಿಗಳಿಗೆ ಕಣ್ಣುಗೊಂಬೆಯೇ ಇರಲಿಲ್ಲ. ಬರೀ ನುಣ್ಣಗಿನ ಬಿಳಿ. ನಮ್ಮ ದೇವರುಗಳು ಕಣ್ಣರಳಿಸಿ ನೋಡುತ್ತವೆ, ನಾವು ಏನು ಮಾಡುತ್ತಿದ್ದೇವೆಂದು ಅವಕ್ಕೆ ಗೊತ್ತು, ಅವಕ್ಕೆ ಗೊತ್ತೆಂದು ನಮಗೂ ಗೊತ್ತು. ಇವು ನೋಡುತ್ತಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮೊದಲ ದಿನದಿಂದಲೇ ನಾನು ಅದಕ್ಕೆ ಬೆನ್ನು ಮಾಡಿ ಕೆಲಸ ಮಾಡುತ್ತಿದ್ದೆ.

ನೆಲದ ಕೆಲಸ ಮುಗಿಯುತ್ತ ಬಂದಾಗ ಅಮ್ಮ ಕರೆದರು.

"ಸುಣ್ಣ ಹಚ್ಚಾವರು ಹನಿ ಬೀಳಿಸ್ಯಾರ ನೋಡು. ನನ್ನ ಬಟ್ಟಿಗಿ ಬಿಡವಲ್ವು. ನೀ ಕಲ್ಲಿನಾವ, ಏನರ ಮಾಡು. ಹಗುರಕ ಮಾಡಪಾ."

ಪ್ರತಿ ಶನಿವಾರ ಸ್ಟೂಲು ಹತ್ತಿ, ಹಳೆ ಸೀರೆಯ ತುಂಡು ನೆನೆಸಿ ಆ ಶಿಲ್ಪ ಒರೆಸುವುದು ಅವರ ರೂಢಿ. ನೋಡಿದೆ. ನಾಲ್ಕೈದು ಹನಿ ಗಟ್ಟಿಯಾಗಿ ಕೂತಿದ್ದವು. ಒಂದು ಕೂಸಿನ ಬಾಯಿಯ ಮೇಲೆಯೇ, ಮೊಸರನ್ನ ಉಂಡು ಬಾಯಿ ಒರೆಸಿಕೊಳ್ಳದ ಹಾಗೆ. ಅವ್ವನ ಮಾತು ನೆನಪಾಯಿತು. ಉಳಿ ಹಚ್ಚುವುದಿಲ್ಲವಲ್ಲ, ಆಸಿಡ್ ಹಚ್ಚುತ್ತೇನೆ, ಆಸಿಡ್ ಉಳಿಯಲ್ಲ ಎಂದುಕೊಂಡೆ. ನನಗೇ ನನ್ನ ಜಾಣತನ ಮೆಚ್ಚಿಗೆಯಾಯಿತು.

ನಮ್ಮ ಕೆಲಸದಲ್ಲಿ ನೆಲದ ಮೇಲಿನ ಸಿಮೆಂಟಿನ ಕಲೆಗೆ ಆಸಿಡ್ ಹಾಕುತ್ತೇವೆ. ಬುಸಬುಸ ನೊರೆ ಏಳುತ್ತದೆ. ನೊರೆ ಎದ್ದರೆ ಹೊಲಸು ಬಿಡುತ್ತಿದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು, ನಾನೂ ಹದಿನೈದು ವರ್ಷ ಹಾಗೆಯೇ ನಂಬಿದ್ದೆ. ಆ ನೊರೆ ಹೊಲಸಿನದಷ್ಟೇ ಅಲ್ಲ, ಕಲ್ಲಿನದೂ ಹೌದು, ಕಲ್ಲೇ ಕರಗಿ ಹೋಗುತ್ತಿರುತ್ತದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನೆಲವನ್ನು ಹೇಗೂ ಆಮೇಲೆ ಮಷಿನ್ ಹಾಕಿ ಉಜ್ಜುತ್ತೇವೆ, ಒಂದು ಕೂದಲೆಳೆ ಹೋದರೂ ಯಾರಿಗೆ ತಿಳಿಯಬೇಕು?

ಅಮ್ಮ ಹೊರಗೆ ಹೋಗಿದ್ದರು. ಏಣಿ ಹತ್ತಿ, ಆಸಿಡ್‌ನಲ್ಲಿ ಅದ್ದಿದ ಹತ್ತಿಯನ್ನು ಕಡ್ಡಿಯ ತುದಿಗೆ ಸುತ್ತಿ ಕೂಸಿನ ಬಾಯಿಗೆ ಒತ್ತಿ ಹಿಡಿದೆ. ನೊರೆ ಎದ್ದಿತು. ಖುಷಿಯಾಯಿತು. ಅಷ್ಟರಲ್ಲಿ ಫೋನ್ ಬಂತು, ಹೆಂಡತಿಯದು. ಎಡಗೈಯಲ್ಲಿ ಕಿವಿಗಿಟ್ಟುಕೊಂಡೆ.

"ಎಲ್ಲಿದ್ದೀರಿ?" ಅವಳ ದನಿಯಲ್ಲಿ ನಗು ತಡೆಯಲಾರದಷ್ಟಿತ್ತು. "ಒಳಗ ಏನೋ ಮಿಸುಕಿದಂಗಾತು. ಈಗ, ಈಗೇ ಆತು."

ನಾನು ಏನು ಕೇಳಿದೆನೋ, ಅವಳು ಏನು ಹೇಳಿದಳೋ, ಮೀನಿನ ಹಾಗೆ ಅಂದಳು, ಅಲ್ಲ ಗುಬ್ಬಿಯ ಹಾಗೆ ಅಂದಳು. ಇಬ್ಬರೂ ಹುಚ್ಚರ ಹಾಗೆ ನಗುತ್ತ ಮಾತಾಡಿದೆವು. ಬಲಗೈ ಒತ್ತಿಯೇ ಇತ್ತು. ಫೋನ್ ಇಟ್ಟು ಹತ್ತಿ ತೆಗೆದೆ.

ಹನಿ ಹೋಗಿತ್ತು. ಜೊತೆಗೆ ಕೂಸಿನ ಮೇಲ್ತುಟಿಯೂ ಹೋಗಿತ್ತು. ಮೂಗಿನ ಕೆಳಗಿನಿಂದ ಬಾಯಿಯವರೆಗೆ ಒಂದು ಸೀಳು, ಅಂಚು ಒರಟೊರಟು. ನೀರು ಸುರಿದೆ, ಮತ್ತೆ ಮತ್ತೆ ಸುರಿದೆ, ನೀರಿಗೆ ತುಟಿ ಬರುತ್ತದೆಯೇ? ಏಣಿಯ ಮೇಲೆ ನಿಂತು, ಇಂಥವನ್ನೆಲ್ಲ ನಂಬದ ನಾನು, ಹೊಟ್ಟೆಯಲ್ಲಿರುವ ನನ್ನ ಕೂಸಿನ ಮುಖವನ್ನು ಮೊದಲ ಬಾರಿಗೆ ಕಣ್ಮುಂದೆ ಕಂಡೆ. ಅದಕ್ಕೆ ತುಟಿ ಇರಲಿಲ್ಲ.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅಲ್ಲೇ ಇದ್ದ ಮೇಣದಬತ್ತಿಯ ಚೂರನ್ನು ಬೆರಳಲ್ಲಿ ಮೆತ್ತಗೆ ಮಾಡಿ ಸೀಳಿಗೆ ತುಂಬಿ ಸವರಿದೆ. ಉಳಿದ ಹನಿಗಳನ್ನು ಉಗುರಿನಿಂದ ಕೆರೆದು ತೆಗೆದೆ. ಕೆಳಗಿನಿಂದ ನೋಡಿದರೆ ತಿಳಿಯುತ್ತಿರಲಿಲ್ಲ. ಅಮ್ಮನಿಗೆ ಕಣ್ಣೂ ಮಂದ. "ಹೋದ್ವೇನಪಾ?" ಅಂದರು. "ಹೋದ್ವು ಅಮ್ಮಾರ," ಅಂದೆ. ಮಷಿನ್ ಟಂಟಂ ಆಟೊಗೆ ಹೇರಿಕೊಂಡು ಹಿಂತಿರುಗಿ ನೋಡದೆ ಬಂದೆ. ಅವರು ಶನಿವಾರ ಬಟ್ಟೆ ಹಿಡಿದು ಒರೆಸುತ್ತಾರೆ, ಬೆರಳಿಗೆ ಮೇಣ ಹತ್ತುತ್ತದೆ ಎಂಬುದು ದಾರಿಯಲ್ಲಿ ಹೊಳೆಯಿತು. ಶನಿವಾರವೇ ಫೋನ್ ಬಂತು. ನಾನು ಎತ್ತಲಿಲ್ಲ. ಆಮೇಲೆ ಎಷ್ಟು ಸಲ ಬಂದರೂ ಎತ್ತಲಿಲ್ಲ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವ್ವನಿಗೆ ಹೇಳಿದರೆ ಊರನ್ನೇ ಕೂಡಿಸಿಬಿಡುತ್ತಾಳೆ. ಹೆಂಡತಿಗೆ ಹೇಳಿದರೆ ಅಂಜಿಕೊಳ್ಳುತ್ತಾಳೆ, ಬಸುರಿ ಅಂಜಬಾರದು. ಹೀಗೆಂದು ನನಗೆ ನಾನೇ ದೊಡ್ಡತನ ಹಚ್ಚಿಕೊಂಡೆ. ನಿಜವೆಂದರೆ ನನಗೆ ಬಾಯಿ ಬರಲಿಲ್ಲ.

ಐದನೆಯ ತಿಂಗಳ ಸ್ಕ್ಯಾನಿಂಗ್‌ಗೆ ಕಲಬುರಗಿಗೆ ಹೋದೆವು. ಮುಗಿದ ಮೇಲೆ ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ನಾನು ಚಪ್ಪಲಿ ಬಿಟ್ಟು ಒಳಗೆ ನುಸುಳಿದೆ.

"ಮೇಡಂ, ಒಂದೇ ಮಾತು ರೀ. ಕೂಸಿಂದು..."

ಡಾಕ್ಟರಮ್ಮ ಕೈ ಎತ್ತಿ ತಡೆದರು. ಗೋಡೆಯ ಮೇಲಿನ ಬೋರ್ಡು ತೋರಿಸಿದರು. ಗಂಡೋ ಹೆಣ್ಣೋ ಕೇಳುವುದು ಅಪರಾಧ ಎಂದು ಅದರಲ್ಲಿತ್ತು. "ಓದಾಕ ಬರತದೋ ಇಲ್ಲೋ ನಿನಗ? ಪೊಲೀಸರಿಗಿ ಹೇಳ್ಲೇನು?"

"ಅದಲ್ರಿ, ತುಟಿ..." ಅಂದೆ. ಅವರು ಆಗಲೇ ಮುಂದಿನ ಹೆಸರು ಕೂಗಿಸಿದ್ದರು. ಹೊರಗೆ ಬಂದೆ. ಬಾಗಿಲ ಪರದೆ ಸರಿದಾಗ ನಾನು ಡಾಕ್ಟರರ ಮುಂದೆ ಕೈಮುಗಿದು ನಿಂತಿದ್ದನ್ನು ಹೆಂಡತಿ ಕಂಡಿದ್ದಳು.

"ಏನಂದ್ರು?"

"ಏನಿಲ್ಲ, ನಡಿ."

ಎಲ್ಲ ಸರಿಯಿದೆ ಎಂದೇ ರಿಪೋರ್ಟಿನಲ್ಲಿತ್ತು. ನಮ್ಮೂರ ನರ್ಸಮ್ಮನೂ ಓದಿ ಹಾಗೇ ಹೇಳಿದರು. ಆದರೆ ಅಷ್ಟು ಸಣ್ಣ ತುಟಿ ಆ ಮಷಿನ್‌ಗೆ ಎಲ್ಲಿ ಕಾಣಬೇಕು ಎಂದು ನಾನು ವಾದ ಹೂಡಿದೆ, ನನ್ನ ಜೊತೆಗೇ. ಹೆದರಿದವನಿಗೆ ಯಾವ ಕಾಗದವೂ ಸಾಲದು. ಕೈಯಲ್ಲಿ ಆಸಿಡ್ ಬಾಟಲಿ ಹಿಡಿಯುವುದನ್ನೇ ಬಿಟ್ಟೆ. ಬಸ್ಸಿನಲ್ಲಿ ಯಾರದಾದರೂ ಕಂಕುಳಲ್ಲಿ ಕೂಸು ಕಂಡರೆ ಕಣ್ಣು ನೇರ ಬಾಯಿಗೇ ಹೋಗುತ್ತಿತ್ತು. ಹೆಂಡತಿ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿ ಎಂದಾಗ ಏನೋ ನೆಪ ಹೇಳಿ ಎದ್ದುಬಿಡುತ್ತಿದ್ದೆ. ಒಂದೆರಡು ಸಲ ಕರೆದಳು, ಆಮೇಲೆ ಕರೆಯುವುದನ್ನು ಬಿಟ್ಟಳು. ನನಗೆ ನೆಮ್ಮದಿಯೇ ಆಯಿತು.

ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆಂದು ಅವಳನ್ನು ತವರಿಗೆ, ಚಿಂಚೋಳಿಗೆ, ಬಿಡಲು ಹೋದೆ. ಸೇಡಂವರೆಗೆ ರೈಲು, ಅಲ್ಲಿಂದ ಬಸ್ಸು. ವಾಡಿಯಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತದೆ. ನಾನು ಕಿಟಕಿಯ ಶಟರ್ ಎಳೆದೆ. "ಗಾಳಿ ಬರ್ಲಿ ಬಿಡ್ರಿ, ಉಸಿರು ಕಟ್ಟಾಕತ್ತದ," ಅಂದಳು. ತೆರೆಯಲಿಲ್ಲ. ಅವಳು ನನ್ನ ಮುಖ ನೋಡಿದಳು, ಚಿತ್ತಾಪುರ ದಾಟಿದರೂ ನೋಡುತ್ತಲೇ ಇದ್ದಳು.

ದಿನ ತುಂಬಿದಾಗ ಒಂದು ಬೆಳಿಗ್ಗೆ ಅವಳ ತಮ್ಮನ ಫೋನ್ ಬಂತು. ಬೇನೆ ಶುರುವಾಗಿದೆ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ. ಸಿಕ್ಕ ರೈಲು ಹತ್ತಿದೆ. ವಾಡಿಯಲ್ಲಿ ಗಾಡಿ ನಿಂತಿತು. ನಾನು ಇಳಿದುಬಿಟ್ಟೆ. ಯಾಕೆ ಎಂದು ಈಗ ಕೇಳಿದರೂ ಹೇಳಲಾರೆ. ಓಡಿದೆ. ಹೆಂಡತಿ ಅಲ್ಲಿ ಬೇನೆ ತಿನ್ನುತ್ತಿದ್ದಾಗ ನಾನು ಕಣ್ಣುಗೊಂಬೆಯಿಲ್ಲದ ಒಂದು ಕಲ್ಲಿನ ಮುಂದೆ ಹೋಗಿ ಏದುಸಿರು ಬಿಡುತ್ತ ನಿಂತೆ. ಮೇಣ ಇರಲಿಲ್ಲ. ಸೀಳು ಹಾಗೇ ಇತ್ತು, ತಾಯಿ ಮೊದಲಿನಷ್ಟೇ ಸಮಾಧಾನದಿಂದ ಆ ಕೂಸನ್ನು ಹಿಡಿದುಕೊಂಡಿದ್ದಳು.

"ಬಂದೇನು?" ಹಿಂದೆ ಅಮ್ಮ ನಿಂತಿದ್ದರು.

"ಮಾಫ್ ಮಾಡ್ರಿ ಅಮ್ಮಾರ."

"ದೇವರು ಮಾಫ್ ಮಾಡಿರ್ತಾನ. ನಾ ಇನ್ನೂ ಮಾಡಿಲ್ಲ. ನಲವತ್ತು ವರ್ಷ ಆ ಮಾರಿ ಒರಸೀನಿ ನಾ. ಕಣ್ಣು ಮಂದಾದ್ರೇನು, ಬೆರಳಿಗಿ ತಿಳಿಯಂಗಿಲ್ಲೇನು? ಒಂದ್ ಮಾತು ಹೇಳಿ ಹೋಗಿದ್ರ ನನ್ನ ಹೊಟ್ಟಿ ಇಷ್ಟು ಉರೀತಿರಲಿಲ್ಲ." ನಾನು ಅಲ್ಲೇ ನೆಲಕ್ಕೆ ಕುಸಿದು ಎಲ್ಲ ಹೇಳಿದೆ. ಅವ್ವನ ಮಾತು, ಫೋನು, ತುಟಿ, ಈಗ ಚಿಂಚೋಳಿಯಲ್ಲಿ ಆಗುತ್ತಿರುವುದು.

ಅವರು ಬಗ್ಗಿ ನನ್ನ ಮುಖ ನೋಡಿದರು. "ಇನ್ನೊಬ್ಬರ ಕೂಸಿನ ತುಟಿ ಕಿತ್ತು ತನಗ ಹಚ್ಚಿಕೊಳ್ಳಾಂವ ಅಂತ ತಿಳದೀಯೇನು ನಮ್ಮ ದೇವರಿಗಿ? ಇದನ್ನೆಲ್ಲ ಹೆಂಡ್ತಿಗಿ ಹೇಳೀದಿ?"

"ಇಲ್ರಿ."

"ಆಕಿ ಅಲ್ಲಿ ಒಬ್ಬಾಕಿ ಬ್ಯಾನಿ ತಿನ್ನಾಕತ್ತಾಳ, ನೀ ಇಲ್ಲಿ ಗ್ವಾಡಿ ಮುಂದ ಕುಂತೀದಿ. ಏಳು, ನಡಿ ಮೊದಲು."

ಗಾಡಿ ಹೋಗಿಯಾಗಿತ್ತು. ಚಿತ್ತಾಪುರಕ್ಕೆ ಜೀಪು, ಸೇಡಂಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಚಿಂಚೋಳಿಯ ಆಸ್ಪತ್ರೆ ಮುಟ್ಟುವಾಗ ಹೊತ್ತು ಇಳಿದಿತ್ತು. ಹೆರಿಗೆ ಆಗಿ ಎರಡು ತಾಸಾಗಿತ್ತು. ಅತ್ತೆ ಹಳೆ ಧೋತರದಲ್ಲಿ ಸುತ್ತಿದ ಕೂಸನ್ನು ನನ್ನ ಕೈಗಿಟ್ಟರು. ನಾನು ಬಟ್ಟೆ ಸರಿಸಿ ಬಾಯಿ ನೋಡಿದೆ. ತುಟಿ ಇತ್ತು. ಇಡಿಯಾಗಿತ್ತು. ನಂಬಿಕೆ ಬರದೆ ಬೆರಳಿನಿಂದ ಮುಟ್ಟಿದೆ, ಅದು ಬೆರಳನ್ನು ಚೀಪಲು ನೋಡಿತು. "ಎಲ್ಲಾರೂ ಗಂಡೋ ಹೆಣ್ಣೋ ನೋಡ್ತಾರ, ಇವ್ರು ಹಲ್ಲು ಎಣಸಾಕತ್ಯಾರ," ಎಂದು ಅತ್ತೆ ನಕ್ಕು ಚಹಾ ತರಲು ಹೋದರು.

ಹೆಂಡತಿ ನಗಲಿಲ್ಲ. ಮಂಚದಿಂದಲೇ ನನ್ನ ಬೆರಳನ್ನು ನೋಡುತ್ತಿದ್ದಳು. "ಏನು ಹುಡಕಾಕತ್ತೀರಿ?"

ಎಲ್ಲ ಹೇಳಿದೆ. ನಗುತ್ತಲೇ ಹೇಳಿದೆ, ಎಲ್ಲ ಮುಗಿಯಿತಲ್ಲ ಎಂದು. ಬೈಯುತ್ತಾಳೆ, ಇಲ್ಲ ನಗುತ್ತಾಳೆ ಅಂದುಕೊಂಡಿದ್ದೆ.

"ಅಂದ್ರ," ಅಂದಳು ನಿಧಾನವಾಗಿ, "ಆ ಸ್ಕ್ಯಾನಿಂಗ್ ದಿನ ಡಾಕ್ಟರಮ್ಮ ನಿಮಗ ಏನೂ ಹೇಳಲಿಲ್ಲ?"

"ಏನು ಹೇಳ್ತಾರ? ಬೈದು ಹೊರಗ ಹಾಕಿದ್ರು."

ಅವಳು ಗೋಡೆ ನೋಡಿದಳು. "ಕೂಸು ಉಳಿಯಂಗಿಲ್ಲ ಅಂತ ನಿಮಗ ಹೇಳ್ಯಾರ, ನೀವು ನನಗ ಮುಚ್ಚಾಕತ್ತೀರಿ ಅಂತ ತಿಳಕೊಂಡಿದ್ದೆ. ಎಲ್ಲಾರೂ ಚಲೋ ಅದ ಅಂದ್ರು. ನಿಮ್ಮ ಮಾರಿ ಮಾತ್ರ ಹಂಗ ಅನ್ನಲಿಲ್ಲ. ಹೊಟ್ಟಿ ಮ್ಯಾಲ ಕೈ ಇಡಾಕೂ ನೀವು ಒಲ್ಲೆ ಅಂದ ಮ್ಯಾಲ ನನಗ ಖರೇನೇ ಅನ್ನಿಸ್ತು. ಹೋಗೋ ಕೂಸಿಗಿ ಯಾಕ ಮಾಯಾ ಹಚ್ಚಲಿ ಅಂತ ನಾಲ್ಕು ತಿಂಗಳು ಒಂದ್ ದಿನಾನೂ ಅದರ ಜೋಡಿ ಮಾತಾಡಲಿಲ್ಲ ನಾ. ಒದ್ದರ ಆಕಡಿ ತಿರುಗಿ ಮಲಗತಿದ್ದೆ."

ಕಲ್ಲಿನ ಕೂಸಿಗೆ ಮಾಡಿದ್ದಕ್ಕೆ ನಾಲ್ಕು ತಿಂಗಳು ನಡುಗಿದವನು, ಪಕ್ಕದಲ್ಲೇ ಮಲಗಿದವಳಿಗೆ ಮಾಡುತ್ತಿದ್ದುದನ್ನು ಕಾಣಲಿಲ್ಲ.

"ಕೊಡ್ರಿ ಇಲ್ಲಿ," ಎಂದು ಕೈ ಚಾಚಿದಳು. ಕೊಟ್ಟೆ. ಎದೆಗೆ ಒತ್ತಿಕೊಂಡು ಬಹಳ ಹೊತ್ತು ಮಗಳ ಮುಖವನ್ನೇ ನೋಡಿದಳು. ಆಮೇಲೆ, ಗುರುತಿಲ್ಲದವರ ಜೊತೆ ಮೊದಲ ಸಲ ಮಾತಾಡುವವರ ಹಾಗೆ ಅಳುಕುತ್ತ, "ನಾ ನಿಮ್ಮವ್ವ," ಅಂದಳು.